ಜರ್ಮನಿಯ ಸಭೆಗೆ ವಿದ್ಯಾರ್ಥಿ ವಿನಿಮಯ: ಹೊರಡುವ ಮೊದಲಿನ ಆರು ತಿಂಗಳು

ಜರ್ಮನಿಯ ಒಂದು ಸಭೆಯವರು, ಅಂದರೆ ಅಲ್ಲಿನ ಒಂದು ಚರ್ಚಿನ ಬಳಗದವರು, ಕರೆದಿದ್ದಾರೆ. ಮೂರು ವಾರ, ಎಂಟೋ ಹತ್ತೋ ವಿದ್ಯಾರ್ಥಿಗಳು. ಉಳಿಯುವುದು ಹೋಟೆಲಿನಲ್ಲಿ ಅಲ್ಲ, ಸಭೆಯವರ ಮನೆಗಳಲ್ಲಿ. ಮುಂದೆ ಅವರ ಮಕ್ಕಳು ನಮ್ಮ ಮನೆಗೆ ಬರುತ್ತಾರೆ. ಕರಾವಳಿಯಲ್ಲೂ ಧಾರವಾಡದ ಕಡೆಯಲ್ಲೂ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಕಾಲೇಜು ಮಕ್ಕಳಿಗೆ ಇಂಥ ಅವಕಾಶ ಸಿಗುವುದುಂಟು. ಬಾಸೆಲ್ ಮಿಷನ್ ಎಂಬ ಮಿಷನರಿ ಸಂಸ್ಥೆಯ ಕಾಲದಿಂದ ಬಂದ ನಂಟು ಇದು.

ನಾನು ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಹೀಗೆ ಹೋಗಿ ಬಂದೆ. ಆಮೇಲೆ ಬೇರೆ ತಂಡಗಳ ತಯಾರಿಯಲ್ಲೂ ಜೊತೆಗಿದ್ದೆ. ಸೂಟ್‌ಕೇಸ್ ತುಂಬಲು ಎರಡು ದಿನ ಸಾಕು. ಉಳಿದದ್ದಕ್ಕೆ ಆರು ತಿಂಗಳು ಬೇಕು, ಅದನ್ನು ಎಲ್ಲರೂ ಒಟ್ಟಿಗೆ ಕೂತೇ ಮಾಡಬೇಕು.

ವಾರಕ್ಕೊಂದು ಸಂಜೆ ಗೊತ್ತು ಮಾಡಿ

ಆರಾಧನೆ ಮುಗಿದ ಮೇಲೆ ದೇವಾಲಯದ ಮೆಟ್ಟಿಲ ಮೇಲೆ ನಿಂತು ಮಾತಾಡುವುದು ತಯಾರಿ ಅಲ್ಲ. ವಾರದಲ್ಲಿ ಒಂದು ಸಂಜೆ, ಎರಡು ಗಂಟೆ, ಒಂದೇ ಜಾಗ. ಬರಲಾಗದವರು ಮೊದಲೇ ಹೇಳಬೇಕು. ಇದು ಶಿಸ್ತಿಗಾಗಿ ಮಾತ್ರ ಅಲ್ಲ. ಒಂದೇ ಕಾಲೇಜು, ಸಭೆಯ ಒಂದೇ ಕೊಯರ್ (ಹಾಡುವ ತಂಡ) ಆದರೂ ನಮಗೆ ಒಬ್ಬರಿಗೊಬ್ಬರ ಪರಿಚಯ ಕಡಿಮೆ ಇರುತ್ತದೆ. ಯಾರಿಗೆ ಹಸಿವಾದರೆ ಸಿಟ್ಟು ಬರುತ್ತದೆ, ಯಾರು ಮನೆ ನೆನಪಾದಾಗ ಮಾತು ಬಿಡುತ್ತಾರೆ, ಯಾರಿಗೆ ಅಸ್ತಮಾ ಇದೆ. ಇದೆಲ್ಲ ಊರಲ್ಲೇ ಗೊತ್ತಾಗಲಿ.

ಮೊದಲ ಸಂಜೆಯೇ ಜೋಡಿ ಮಾಡಿಕೊಳ್ಳಿ. ಜೋಡಿಯ ಕೆಲಸ ಇಷ್ಟೇ: ದಿನಕ್ಕೊಮ್ಮೆ ‘ಹೇಗಿದ್ದೀಯಾ’ ಎಂದು ಕೇಳುವುದು, ಉತ್ತರ ಬರುವವರೆಗೆ ಕಾಯುವುದು. ಆಪ್ತ ಗೆಳೆಯರು ಒಂದೇ ಜೋಡಿ ಆಗುವುದು ಬೇಡ. ಅವರು ಹೇಗೂ ಮಾತಾಡಿಕೊಳ್ಳುತ್ತಾರೆ.

ಕಾಗದಪತ್ರ: ತಡ ಮಾಡಿದರೆ ಇಡೀ ತಂಡ ಸಿಕ್ಕಿಬೀಳುತ್ತದೆ

90 ದಿನದೊಳಗಿನ ವಾಸವಾದರೆ ಶೆಂಗೆನ್ ವೀಸಾ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಬೇರೆ ವೀಸಾ, ಬೇರೆ ದಾರಿ. ಶೆಂಗೆನ್ ಅರ್ಜಿಯನ್ನು ಪ್ರಯಾಣದ 6 ತಿಂಗಳ ಮೊದಲಿನಿಂದ ಹಾಕಬಹುದು, 15 ದಿನದ ಒಳಗೆ ಬಂದಮೇಲೆ ಹಾಕುವಂತಿಲ್ಲ. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಹಾಗಾಗಿ ಮೂರು ತಿಂಗಳ ಮೊದಲೇ ಹಾಕಿಬಿಡಿ. ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ. ಯುರೋಪ್ ಬಿಟ್ಟು ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು, ಅದರಲ್ಲಿ ಎರಡು ಖಾಲಿ ಪುಟ ಇರಬೇಕು. ಬೆರಳಚ್ಚು ಕೊಡಲು ಪ್ರತಿಯೊಬ್ಬರೂ ಖುದ್ದಾಗಿ ಹೋಗಬೇಕು.

ಖರ್ಚು ಯಾರದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಆತಿಥೇಯರು ತಮ್ಮ ಊರಿನ ವಿದೇಶಿಯರ ಕಚೇರಿಗೆ ಹೋಗಿ, ‘ಇವರ ಖರ್ಚು ನಮ್ಮದು’ ಎಂದು ಜವಾಬ್ದಾರಿ ಪತ್ರ ಬರೆದುಕೊಡಬಹುದು. ಜರ್ಮನಿಯಲ್ಲಿ ಇದಕ್ಕೆ ತೂಕ ಇದೆ. ಅದು ಕಾನೂನಿನ ಹೊಣೆ, ಸುಮ್ನೆ ಒಂದು ಸಹಿ ಅಲ್ಲ. ಕೇಳುವಾಗ ಆ ಅರಿವು ಇರಲಿ. ನಮ್ಮ ಕಡೆಯಿಂದ ಕಾಲೇಜಿನ ಬೋನಫೈಡ್ ಪತ್ರ, ರಜೆಯ ಒಪ್ಪಿಗೆ, ಅಪ್ಪ ಅಮ್ಮನ ಬ್ಯಾಂಕ್ ಸ್ಟೇಟ್‌ಮೆಂಟ್, ಸಭೆಯ ಪತ್ರ.

ಹೆಸರಿನ ವಿಷಯ ಬಿಡಿಸಿ ಹೇಳಬೇಕು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು. ನಮ್ಮ ತಂಡದ ಒಬ್ಬಳ ಟಿಕೆಟ್ ಬುಕ್ ಮಾಡಿದವರು ಇನಿಷಿಯಲನ್ನೇ ಸರ್‌ನೇಮ್ ಮಾಡಿದ್ದರು. ಹೊರಡಲು ನಾಲ್ಕು ದಿನ ಇರುವಾಗ ಅದು ಕಣ್ಣಿಗೆ ಬಿತ್ತು. ಅವಳು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಟಿಕೆಟ್, ವೀಸಾ ಅರ್ಜಿ, ವಿಮೆ, ಆಹ್ವಾನ ಪತ್ರ ನಾಲ್ಕನ್ನೂ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಬೆರಳಿಟ್ಟು ನೋಡಿ.

ನಮ್ಮ ಕಥೆ ನಮಗೆ ಗೊತ್ತಿರಲಿ

ತಯಾರಿಯಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇದಕ್ಕೆ. ಅಲ್ಲಿನ ಮೊದಲ ಭಾನುವಾರ ಕಾಫಿ ಕುಡಿಯುವಾಗ ಒಬ್ಬ ಅಜ್ಜ ನನ್ನನ್ನು ಕೇಳಿದರು, ‘ನಿಮ್ಮ ಸಭೆ ಶುರುವಾದದ್ದು ಹೇಗೆ?’ ನಾನು ಹುಟ್ಟಿ ಬೆಳೆದ ಸಭೆ ಅದು. ನಮ್ಮಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಅಜ್ಜನಿಗೆ ಮಾತ್ರ 1834 ಎಂಬ ಇಸವಿ ಬಾಯಲ್ಲೇ ಇತ್ತು.

1834ರಲ್ಲಿ ಬಾಸೆಲ್ ಮಿಷನ್‌ನ ಮೂವರು, ಹೆಬಿಕ್, ಲೆಹ್ನರ್, ಗ್ರೈನರ್, ಮಂಗಳೂರಿಗೆ ಬಂದರು. ಆ ಸಂಸ್ಥೆ ಇದ್ದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಾದರೂ ಬಂದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ತಂದ ಮೋಗ್ಲಿಂಗ್ ಆ ಸೀಮೆಯವರೇ. 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ ಉತ್ತರ ಜರ್ಮನಿಯವರು. ಆದರೆ 1903ರಲ್ಲಿ ತೀರಿಕೊಂಡದ್ದು ವುರ್ಟೆಂಬರ್ಗ್‌ನ ಟ್ಯೂಬಿಂಗನ್‌ನಲ್ಲಿ. ನೀವು ಹೋಗುವ ಊರು ಆ ಕಡೆ ಇದ್ದರೆ ಒಂದು ದಿನ ಟ್ಯೂಬಿಂಗನ್‌ಗೆ ಇಟ್ಟುಕೊಳ್ಳಿ. ಬಾಸೆಲ್‌ವರೆಗೆ ಹೋಗಲಾದರೆ ಮಿಷನ್ ಸ್ಟ್ರಾಸೆ ಎಂಬ ಬೀದಿಯ 21ನೇ ನಂಬರಿನ ಮನೆ ನೋಡಿ. ಬಾಸೆಲ್ ಮಿಷನ್‌ನ ಕೆಲಸ ಮುಂದುವರಿಸುವ ಇಂದಿನ ‘ಮಿಷನ್ 21’ ಸಂಸ್ಥೆ ಇರುವುದು ಆ ವಿಳಾಸದಲ್ಲೇ. ನಮ್ಮೂರಿನ ಹಳೆಯ ಫೋಟೋಗಳು ಅಲ್ಲಿನ ಸಂಗ್ರಹದಲ್ಲಿವೆ.

ಪುಸ್ತಕದಲ್ಲಿ ಓದಿದರೆ ಸಾಲದು. ಒಂದು ಸಂಜೆ ಮಂಗಳೂರಿನ ಬಲ್ಮಠದಲ್ಲಿ, ಮಿಷನ್‌ನ ಹಳೆಯ ನೆಲೆಯಲ್ಲಿ, ನಡೆದಾಡಿ. ಮಂಗಳೂರಿನಲ್ಲಿ 1865ರಲ್ಲಿ ಶುರುವಾದ ಮಿಷನ್‌ನ ಹೆಂಚಿನ ಕಾರ್ಖಾನೆಯ ಬಗ್ಗೆ ಹಿರಿಯರನ್ನು ಕೇಳಿ. ನಿಮ್ಮ ಅಜ್ಜಿಯ ಅಮ್ಮ ಮಿಷನ್‌ನ ನೇಯ್ಗೆಯಲ್ಲಿ ಇದ್ದರೋ, ಅಜ್ಜ ಅದರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರೋ ಕೇಳಿಕೊಳ್ಳಿ. ಮನೆಯ ಮಾಡಿನಿಂದ ಬಿದ್ದ ಒಂದು ಹಳೆಯ ಹೆಂಚನ್ನು ತಿರುಗಿಸಿ, ಹಿಂಬದಿಯ ಅಚ್ಚನ್ನು ಫೋನಿನಲ್ಲಿ ಫೋಟೋ ಹಿಡಿಯಿರಿ. ನೂರು ಸ್ಲೈಡಿಗಿಂತ ಆ ಒಂದು ಫೋಟೋ ಮಾತು ಬೆಳೆಸುತ್ತದೆ.

ಹಾಡು ಕಲಿತು ಹೋಗಿ, ಬೈಬಲ್ ವಚನ ಓದಿ ಹೋಗಿ

ನಮ್ಮ ಗೀತೆ ಪುಸ್ತಕದ ಎಷ್ಟೋ ಹಾಡುಗಳ ರಾಗ ಜರ್ಮನಿಯಿಂದಲೇ ಬಂದದ್ದು. ಅಂಥ ಮೂರು ಹಾಡು ಆರಿಸಿ, ನಾಲ್ಕು ಧ್ವನಿಯಲ್ಲಿ ಕಲಿಯಿರಿ. ಜೊತೆಗೆ ನಮ್ಮದೇ ಧಾಟಿಯ ಒಂದೆರಡು ಭಜನೆ ಇರಲಿ, ತಬಲಾ ಹೊರಲಾಗದಿದ್ದರೆ ತಾಳ ಸಾಕು. ಅಲ್ಲಿನ ಆರಾಧನೆಯಲ್ಲಿ ಅಂಥ ಒಂದು ಹಾಡಿನ ಮೊದಲ ಚರಣವನ್ನು ನಾವು ಕನ್ನಡದಲ್ಲಿ ಮುಗಿಸುವಷ್ಟರಲ್ಲಿ ಮುಂದಿನ ಬೆಂಚಿನಲ್ಲಿದ್ದ ಒಬ್ಬ ಹೆಂಗಸು ಪುಸ್ತಕ ಮುಚ್ಚಿಟ್ಟು ತಮ್ಮ ಭಾಷೆಯಲ್ಲಿ ಹಾಡತೊಡಗಿದರು. ಎರಡನೇ ಚರಣಕ್ಕೆ ಇಡೀ ದೇವಾಲಯ ಎರಡು ಭಾಷೆಯಲ್ಲಿ ಹಾಡುತ್ತಿತ್ತು. ನನ್ನ ಪಕ್ಕದವನ ಟೆನರ್ ಧ್ವನಿ ನಿಂತೇಹೋಯಿತು, ಅವನು ಅಳುತ್ತಿದ್ದ.

ಅನೇಕ ಮನೆಗಳಲ್ಲಿ ಬೆಳಗಿನ ತಿಂಡಿಯ ಮೇಜಿನ ಮೇಲೆ ಒಂದು ಪುಟ್ಟ ಪುಸ್ತಕ ಇರುತ್ತದೆ. ಲೋಸುಂಗೆನ್ ಎನ್ನುತ್ತಾರೆ. ಹೆರ್ನ್‌ಹುಟ್ ಊರಿನ ಮೊರೇವಿಯನ್ ಸಭೆ 1731ರಿಂದ ವರ್ಷ ವರ್ಷ ಹೊರತರುವ ದಿನಕ್ಕೊಂದು ಬೈಬಲ್ ವಚನದ ಪುಸ್ತಕ. ಹಳೇ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿ ಆರಿಸುತ್ತಾರೆ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಹುಡುಕಿ ಸೇರಿಸುತ್ತಾರೆ. ಕನ್ನಡ ಬೈಬಲ್ ಬ್ಯಾಗಿನಲ್ಲಿರಲಿ. ಅವರು ಓದಿದ ಮೇಲೆ ಅದೇ ವಚನವನ್ನು ನೀವು ಕನ್ನಡದಲ್ಲಿ ಓದಿ. ಜರ್ಮನ್ ಬಾರದವರೂ ಮೊದಲ ದಿನವೇ ಮನೆಯವರಾಗಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

‘ಬೇಡ’ ಎಂದರೆ ಅಲ್ಲಿ ಬೇಡವೇ

ನಮ್ಮಲ್ಲಿ ಮೊದಲ ಸಲ ಬಡಿಸಲು ಬಂದಾಗ ಬೇಡ ಎನ್ನುತ್ತೇವೆ. ಅಮ್ಮಂದಿರು ಕೇಳುವುದೇ ಇಲ್ಲ, ಬಡಿಸಿಬಿಡುತ್ತಾರೆ. ಅಲ್ಲಿ ಒಮ್ಮೆ ಬೇಡ ಎಂದರೆ ಪಾತ್ರೆ ಮುಂದೆ ಹೋಗುತ್ತದೆ. ಅದು ಜಿಪುಣತನ ಅಲ್ಲ, ನಿಮ್ಮ ಮಾತಿಗೆ ಕೊಡುವ ಮರ್ಯಾದೆ. ರಾತ್ರಿಯೂಟ ಎಂದರೆ ಎಷ್ಟೋ ಮನೆಗಳಲ್ಲಿ ಬ್ರೆಡ್ಡು, ಚೀಸು, ಹೆಚ್ಚಿದ ಸೌತೆಕಾಯಿ, ಅಷ್ಟೇ. ನಮ್ಮ ಹುಡುಗರು ಎರಡು ಬ್ರೆಡ್ಡು ತಿಂದು ಅನ್ನ ಬರುತ್ತದೆಂದು ಕಾದರು. ಮೇಜು ಒರೆಸಿದ ಮೇಲೆ ಗೊತ್ತಾಯಿತು, ಊಟ ಮುಗಿದಿತ್ತು.

ಇದನ್ನು ಊರಲ್ಲೇ ಅಭ್ಯಾಸ ಮಾಡಿ. ಒಂದು ಸಂಜೆ ಬ್ರೆಡ್ಡು ಚೀಸಿನ ಊಟ ಇಟ್ಟುಕೊಳ್ಳಿ. ಬೇಕಾದದ್ದನ್ನು ಕೇಳಿ ಪಡೆಯಿರಿ, ಬೇಡದ್ದಕ್ಕೆ ಕಾರಣ ಹೇಳಿ. ತಟ್ಟೆ ಎತ್ತಿ, ತೊಳೆದು ಒರೆಸಿಡಿ. ಹುಡುಗರಿಗೆ ಇದು ಹುಡುಗಿಯರಷ್ಟೇ ಕಡ್ಡಾಯ. ಇನ್ನೊಂದು ಸಂಜೆ ಇಂಡಕ್ಷನ್ ಒಲೆಯಲ್ಲಿ ಅನ್ನ, ಸಾರು, ಪಲ್ಯ ಮಾಡಿ, ಯಾಕೆಂದರೆ ಅಲ್ಲಿ ಒಂದು ದಿನವಾದರೂ ನೀವು ಅಡುಗೆ ಮಾಡಿ ಬಡಿಸಬೇಕು. ಖಾರದ ಪುಡಿ ಅರ್ಧಕ್ಕೆ ಇಳಿಸಿ.

ನಲ್ಲಿ ನೀರು ಕುಡಿಯಬಹುದು. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಏಳೂವರೆ ಎಂದರೆ ಏಳು ಇಪ್ಪತ್ತೈದಕ್ಕೇ ಬಾಗಿಲಲ್ಲಿರಿ.

ಬ್ಯಾಗಿಗೆ ಏನು ಹಾಕಬಾರದು

ಭಾರತದಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪ, ಪೇಡ, ತುಪ್ಪದ ಮೈಸೂರು ಪಾಕ್ ಮನೆಯಲ್ಲೇ ಇರಲಿ. ಹಸಿ ಕರಿಬೇವು, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ, ಆ ಗೋಜು ಬೇಡ. ಸೀಲ್ ಮಾಡಿದ ಮಸಾಲೆ ಪುಡಿ, ಗೋಡಂಬಿ, ಕಾಫಿಪುಡಿ ಒಯ್ಯಿರಿ. ಉಡುಗೊರೆಗೆ ಕೈಮಗ್ಗದ ಬಟ್ಟೆ ಹಗುರ, ಚೆಂದ. ನಮ್ಮ ತೆಳು ಎರಡು ಪಿನ್ನಿನ ಚಾರ್ಜರ್ ಅಲ್ಲಿನ ಪ್ಲಗ್ಗಿಗೆ ಸಾಮಾನ್ಯವಾಗಿ ಹೊಂದುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು. ಶೌಚಕ್ಕೆ ನೀರು ಬಳಸಲು ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿ ಇಟ್ಟುಕೊಳ್ಳಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕಷ್ಟದ ಪ್ರಶ್ನೆಗಳು

ನಿಮ್ಮ ಸಭೆಯೊಳಗೂ ಜಾತಿ ಇದೆಯಾ? ಮಿಷನರಿಗಳು ಬಂದದ್ದು ಒಳ್ಳೆಯದಾಯಿತಾ? ಅಲ್ಪಸಂಖ್ಯಾತರಾಗಿ ಬದುಕುವುದು ಹೇಗೆ? ಇವನ್ನು ಅವರು ಕೇಳಿಯೇ ಕೇಳುತ್ತಾರೆ. ಎರಡು ಸಂಜೆ ಇದಕ್ಕೇ ಇಡಿ. ಒಬ್ಬರು ಕೇಳಲಿ, ಒಬ್ಬರು ಎರಡು ನಿಮಿಷ ಉತ್ತರಿಸಲಿ. ನಿಯಮ ಒಂದೇ: ಕಂಡದ್ದು, ಮನೆಯಲ್ಲಿ ಕೇಳಿದ್ದು ಹೇಳಿ. ಇಡೀ ದೇಶದ ಪರವಾಗಿ ಮಾತಾಡಬೇಡಿ, ಮುಚ್ಚಿಡಲೂ ಬೇಡಿ. ನಮ್ಮ ತಂಡದಲ್ಲಿ ಜಾತಿಯ ಪ್ರಶ್ನೆಗೆ ಇಬ್ಬರು ತದ್ವಿರುದ್ಧ ಉತ್ತರ ಕೊಟ್ಟರು. ಇಬ್ಬರದ್ದೂ ನಿಜವಾಗಿತ್ತು. ಆ ಸಂಜೆ ನಾವು ಒಂಬತ್ತೂವರೆಯವರೆಗೆ ಕೂತಿದ್ದೆವು.

ಅವರ ದೇವಾಲಯದಲ್ಲಿ ಬೆಂಚುಗಳು ಖಾಲಿ ಇರಬಹುದು. ‘ಇಷ್ಟೇ ಜನವಾ?’ ಎಂದು ಅಲ್ಲೇ ಕೇಳಬೇಡಿ, ಅವರಿಗೂ ಆ ನೋವಿದೆ. ಆದರೆ ಖಾಲಿ ಬೆಂಚು ನೋಡಿ ಸಭೆಯನ್ನು ಅಳೆಯಬೇಡಿ. ಅಲ್ಲಿ ಸದಸ್ಯರ ಆದಾಯ ತೆರಿಗೆಯ ಜೊತೆ, ಅದರ ಶೇಕಡ 8 ಅಥವಾ 9ರಷ್ಟು ಸಭೆಯ ತೆರಿಗೆ ಕಡಿತವಾಗುತ್ತದೆ. ಸಭೆಯ ಕೆಲಸವನ್ನು ಶಿಶುವಿಹಾರ, ವೃದ್ಧಾಶ್ರಮ, ಆಸ್ಪತ್ರೆಗಳಲ್ಲಿ ನೋಡಬೇಕು. ವೃದ್ಧಾಶ್ರಮದಲ್ಲಿ ಒಂದು ದಿನ ಕೆಲಸ ಮಾಡಲು ಬಿಡಿ ಎಂದು ಮೊದಲೇ ಕೇಳಿ ಪತ್ರ ಬರೆಯಿರಿ.

ಆ ಪತ್ರದಲ್ಲೇ ಅವರು ಇಲ್ಲಿಗೆ ಬರುವ ದಿನಗಳನ್ನೂ ವಿಚಾರಿಸಿ. ವುರ್ಟೆಂಬರ್ಗ್ ಕಡೆ ಶಾಲೆಗಳಿಗೆ ದೊಡ್ಡ ರಜೆ ಜುಲೈ ಕೊನೆಯಿಂದ ಸುಮಾರು ಸೆಪ್ಟೆಂಬರ್ ಎರಡನೇ ವಾರದವರೆಗೆ. ನಮ್ಮಲ್ಲಿ ಆಗ ಬಟ್ಟೆ ಒಣಗದ ಮಳೆ. ಯಾವ ಮನೆಯಲ್ಲಿ ಎಷ್ಟು ಹಾಸಿಗೆ ಇದೆ ಎಂದು ಈಗಲೇ ಬರೆದಿಟ್ಟುಕೊಳ್ಳಿ. ಬೇಗ ಒಣಗುವ ಬಟ್ಟೆ, ಒಳ್ಳೆಯ ಕೊಡೆ ತರಲು ಅವರಿಗೆ ತಿಳಿಸಿ.