ಟ್ಯಾಬ್ಲೆಟ್‌ನಿಂದ ಮನೆಯ ಕಂಪ್ಯೂಟರ್ ಎಬ್ಬಿಸುವುದು: ನನ್ನ ಅನುಭವ

ಮನೆಯ ವಿಂಡೋಸ್ ಕಂಪ್ಯೂಟರಿನ ಪರದೆಯನ್ನು ಆಂಡ್ರಾಯ್ಡ್ ಟ್ಯಾಬ್ಲೆಟ್‌ಗೆ ತರಿಸಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಆಫ್ ಆಗಿರುವ ಕಂಪ್ಯೂಟರನ್ನು ಬೇರೆ ಊರಿನಲ್ಲಿ ಕೂತು ಎಬ್ಬಿಸುವುದೇ ತಲೆನೋವು.

ಮೊದಲು, ಕಂಪ್ಯೂಟರ್ ಲ್ಯಾನ್ ಕೇಬಲ್‌ನಲ್ಲಿರಬೇಕು. ವೈಫೈ ಮೂಲಕ ಎಬ್ಬಿಸುವುದನ್ನು ನಂಬಿಕೊಂಡು ಊರು ಬಿಡಬೇಡಿ. ಬಯಾಸ್‌ನಲ್ಲಿ (ವಿಂಡೋಸಿಗೂ ಮೊದಲು ತೆರೆಯುವ, ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪುಟ) ನೆಟ್‌ವರ್ಕಿನಿಂದ ಕರೆದರೆ ಏಳುವ ‘ವೇಕ್ ಆನ್ ಲ್ಯಾನ್’ (ಕೆಲವು ಬೋರ್ಡ್‌ಗಳಲ್ಲಿ ‘ಪವರ್ ಆನ್ ಬೈ ಪಿಸಿಐ-ಇ’) ಆನ್ ಮಾಡಿ, ವಿದ್ಯುತ್ ಉಳಿಸುವ ‘ಇಆರ್‌ಪಿ’ ಸೆಟ್ಟಿಂಗ್ ಆಫ್ ಮಾಡಿದೆ. ಇಆರ್‌ಪಿ ಆನ್ ಇದ್ದರೆ ಶಟ್‌ಡೌನ್ ಆದಮೇಲೆ ನೆಟ್‌ವರ್ಕ್ ಕಾರ್ಡಿಗೆ ಸ್ಟ್ಯಾಂಡ್‌ಬೈ ಕರೆಂಟೇ ಸಿಗುವುದಿಲ್ಲ. ಶಟ್‌ಡೌನ್ ಮಾಡಿ ಹಿಂದಿನ ಲ್ಯಾನ್ ಪೋರ್ಟ್ ನೋಡಿ: ಪುಟ್ಟ ದೀಪ ಉರಿಯುತ್ತಿರಬೇಕು.

ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ತೆಗೆಯಲೇಬೇಕು. ಅದಿದ್ದರೆ ಶಟ್‌ಡೌನ್ ಎನ್ನುವುದು ಅರೆ ಹೈಬರ್ನೇಷನ್ (ಸ್ಥಿತಿಯನ್ನು ಡಿಸ್ಕಿಗೆ ಉಳಿಸಿ ಮಲಗುವುದು). ಆಗ ಕಾರ್ಡನ್ನು ಎಚ್ಚರ ಇಡುವ ಕೆಲಸ ವಿಂಡೋಸ್ ಮಾಡುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಈಥರ್ನೆಟ್ ಕಾರ್ಡಿನ ‘ವೇಕ್ ಆನ್ ಮ್ಯಾಜಿಕ್ ಪ್ಯಾಕೆಟ್’ (ಎಬ್ಬಿಸುವ ಪುಟ್ಟ ಸಂದೇಶಕ್ಕೆ ಏಳುವುದು) ಆನ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಮ್ಯಾಜಿಕ್ ಪ್ಯಾಕೆಟ್‌ಗೆ ಮಾತ್ರ ಏಳುವಂತೆ ಟಿಕ್ ಹಾಕಿ. ಇಲ್ಲದಿದ್ದರೆ ಯಾವುದೋ ಪ್ಯಾಕೆಟ್ ತಾಗಿ ನಡುರಾತ್ರಿ ಫ್ಯಾನ್ ಸದ್ದು ಕೇಳಿಸುತ್ತದೆ.

ಮ್ಯಾಜಿಕ್ ಪ್ಯಾಕೆಟ್ ಅಂದರೆ 102 ಬೈಟ್: ಆರು ಎಫ್‌ಎಫ್ ಬೈಟ್, ಆಮೇಲೆ ಕಂಪ್ಯೂಟರಿನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) 16 ಸಲ. ಇದು ಬ್ರಾಡ್‌ಕಾಸ್ಟ್ ಆಗಿ, ಅಂದರೆ ನೆಟ್‌ವರ್ಕಿನಲ್ಲಿರುವ ಎಲ್ಲರಿಗೂ ಕೂಗಿದಂತೆ, ಹೋಗುವುದರಿಂದ ಮನೆಯ ನೆಟ್‌ವರ್ಕಿನ ಗಡಿ ದಾಟುವುದಿಲ್ಲ. ಹೊರಗಿನಿಂದ ಪ್ಯಾಕೆಟ್ ಒಳಬರಲು ರೂಟರಿನಲ್ಲಿ ಪೋರ್ಟ್ 9 ತೆರೆಯುವ ಸಲಹೆ ಎಲ್ಲೆಡೆ ಸಿಗುತ್ತದೆ, ನಾನು ಅದರ ಪರವಾಗಿಲ್ಲ. ರೂಟರಿನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ 10ರಿಂದಲೋ, 100.64–100.127ರ ನಡುವೆಯೋ ಶುರುವಾದರೆ ನಿಮಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನಿಂದ ನೇರವಾಗಿ ತಲುಪಬಹುದಾದ ವಿಳಾಸ) ಇಲ್ಲ. ಪೋರ್ಟ್ ತೆರೆದೂ ಪ್ರಯೋಜನವಿಲ್ಲ. ಐಪಿ ಇದ್ದರೂ, ಕಂಪ್ಯೂಟರ್ ಆಫ್ ಆಗಿ ಸ್ವಲ್ಪ ಹೊತ್ತಿಗೆ ರೂಟರಿನ ಎಆರ್‌ಪಿ ಪಟ್ಟಿಯಿಂದ (ಯಾವ ಐಪಿ ಯಾವ ಮ್ಯಾಕ್ ವಿಳಾಸದ್ದು ಎಂಬ ಪಟ್ಟಿ) ಅದರ ಹೆಸರು ಅಳಿಯುತ್ತದೆ. ಆಫ್ ಆದ ಐದು ನಿಮಿಷಕ್ಕೆ ಕರೆದರೆ ಏಳುವ ಯಂತ್ರ ಸಂಜೆಗೆ ಏಳದಿರುವುದು ಇದರಿಂದಲೇ.

ನನ್ನ ದಾರಿ: ಮನೆಯಲ್ಲಿ ಸದಾ ಆನ್ ಇರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಒಂದು. ಪೈ, ಕಂಪ್ಯೂಟರ್, ಟ್ಯಾಬ್ಲೆಟ್ ಮೂರಕ್ಕೂ ಟೇಲ್‌ಸ್ಕೇಲ್ (ಎಲ್ಲೇ ಇದ್ದರೂ ಸಾಧನಗಳನ್ನು ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸುವ ತಂತ್ರಾಂಶ) ಹಾಕಿದೆ. ಟ್ಯಾಬ್ಲೆಟ್‌ನ ಟರ್ಮಕ್ಸ್ ಎಂಬ ಕಮಾಂಡ್ ಆ್ಯಪ್‌ನಿಂದ ಪೈಗೆ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ಸುರಕ್ಷಿತ ಸಂಪರ್ಕ), ಅಲ್ಲಿಂದ ‘ವೇಕ್‌ಆನ್‌ಲ್ಯಾನ್’ ಕಮಾಂಡ್, 192.168.1.255ಕ್ಕೆ (ನನ್ನ ಮನೆಯ ಬ್ರಾಡ್‌ಕಾಸ್ಟ್ ವಿಳಾಸ). ಬ್ರಾಡ್‌ಕಾಸ್ಟ್ ವಿಳಾಸವನ್ನು ಬಿಡದೆ ಕೊಡಿ, ಇಲ್ಲದಿದ್ದರೆ ಪ್ಯಾಕೆಟ್ ಬೇರೆ ಇಂಟರ್‌ಫೇಸಿನಿಂದ ಹೊರಟುಬಿಡಬಹುದು. ಟೇಲ್‌ಸ್ಕೇಲ್‌ನಲ್ಲಿ ಇನ್ನೆರಡು ಕೆಲಸ: ಪೈ ಮತ್ತು ಕಂಪ್ಯೂಟರಿನ ಕೀ (ಲಾಗಿನ್ ಗುರುತು) ಮುಗಿಯುವ ಅವಧಿಯನ್ನು ತೆಗೆದುಹಾಕಿ (ಹಾಗೇ ಬಿಟ್ಟರೆ 180 ದಿನಕ್ಕೆ ಮುಗಿಯುತ್ತದೆ), ವಿಂಡೋಸಿನಲ್ಲಿ ‘ರನ್ ಅನ್‌ಅಟೆಂಡೆಡ್’ ಆನ್ ಮಾಡಿ. ಎರಡನೆಯದು ಬಿಟ್ಟರೆ ಕಂಪ್ಯೂಟರ್ ಎದ್ದಿರುತ್ತದೆ, ಆದರೆ ಯಾರೂ ಲಾಗಿನ್ ಆಗಿಲ್ಲದ ಕಾರಣ ಟೇಲ್‌ಸ್ಕೇಲ್‌ಗೆ ಸೇರಿರುವುದಿಲ್ಲ.

ನಮ್ಮ ಕಡೆ ದೊಡ್ಡ ಶತ್ರು ಪವರ್ ಕಟ್. ಕರೆಂಟ್ ಪೂರ್ತಿ ಹೋಗಿ ಬಂದರೆ ಎಷ್ಟೋ ಬೋರ್ಡ್‌ಗಳಲ್ಲಿ ಕಂಪ್ಯೂಟರ್ ಒಮ್ಮೆ ಬೂಟ್ ಆಗುವವರೆಗೆ ಕಾರ್ಡ್ ಪ್ಯಾಕೆಟ್‌ಗೆ ಕಿವಿಗೊಡುವುದೇ ಇಲ್ಲ. ಅದಕ್ಕೆ ಬಯಾಸ್‌ನಲ್ಲಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಅನ್ನು ‘ಪವರ್ ಆನ್’ಗೆ ಇಟ್ಟೆ, ‘ಲಾಸ್ಟ್ ಸ್ಟೇಟ್’ ಸಾಲದು. ಕರೆಂಟ್ ಬಂದಾಗ ಕಂಪ್ಯೂಟರ್ ತಾನೇ ಬೂಟ್ ಆಗಿ, ಅರ್ಧ ಗಂಟೆಗೆ ಸ್ಲೀಪ್‌ಗೆ ಹೋಗುತ್ತದೆ. ಆಮೇಲೆ ಕರೆದರೆ ಏಳುತ್ತದೆ. ಬಿಟ್‌ಲಾಕರಿಗೆ (ವಿಂಡೋಸಿನ ಡಿಸ್ಕ್ ಬೀಗ) ಬೂಟ್ ಪಿನ್ ಇಟ್ಟಿದ್ದರೆ ಮಾತ್ರ ಈ ಉಪಾಯ ನಡೆಯದು.

ಇನ್ನು ನಿಯಂತ್ರಣ. ವಿಂಡೋಸ್ ಪ್ರೊ ಇದ್ದರೆ ರಿಮೋಟ್ ಡೆಸ್ಕ್‌ಟಾಪ್, ಹೋಮ್ ಇದ್ದರೆ ರಸ್ಟ್‌ಡೆಸ್ಕ್ ಅಥವಾ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್. ರಿಮೋಟ್ ಡೆಸ್ಕ್‌ಟಾಪಿನ ಪೋರ್ಟ್ 3389 ಅನ್ನು ಇಂಟರ್ನೆಟ್‌ಗೆ ತೆರೆದಿಡಬೇಡಿ. ರಿಮೋಟ್ ಡೆಸ್ಕ್‌ಟಾಪಿಗೆ ಪಿನ್ ನಡೆಯುವುದಿಲ್ಲ, ಖಾತೆಯ ಪಾಸ್‌ವರ್ಡ್ ಬೇಕು. ‘ವಿಂಡೋಸ್ ಹಲೋ ಮಾತ್ರ’ (ಪಿನ್, ಮುಖ ಅಥವಾ ಬೆರಳಚ್ಚಿನಿಂದಷ್ಟೇ ಲಾಗಿನ್) ಎಂಬ ಸೆಟ್ಟಿಂಗ್ ಆಫ್ ಇರಲಿ. ಸ್ಲೀಪ್‌ನಿಂದ ಎದ್ದ ಕಂಪ್ಯೂಟರಿನ ಮುಂದೆ ಯಾರೂ ಇಲ್ಲದಿದ್ದರೆ ವಿಂಡೋಸ್ ಸಾಮಾನ್ಯವಾಗಿ ಎರಡೇ ನಿಮಿಷಕ್ಕೆ ಮತ್ತೆ ಮಲಗಿಸುತ್ತದೆ, ಹಾಗಾಗಿ ಎಬ್ಬಿಸಿದ ಕೂಡಲೇ ಲಾಗಿನ್ ಆಗಿ.

ಮನೆ ಬಿಡುವ ಮೊದಲೇ ಟ್ಯಾಬ್ಲೆಟ್‌ನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಪರೀಕ್ಷಿಸಿ: ಒಮ್ಮೆ ಸ್ಲೀಪ್‌ನಿಂದ, ಒಮ್ಮೆ ಶಟ್‌ಡೌನ್‌ನಿಂದ, ಒಮ್ಮೆ ಗೋಡೆಯ ಸ್ವಿಚ್ ಆರಿಸಿ ಹಾಕಿ. ಮನೆಯವರಿಗೂ ಒಂದು ಮಾತು ಹೇಳಿರಿ: ನೀವು ರಿಮೋಟ್ ಡೆಸ್ಕ್‌ಟಾಪಿನಲ್ಲಿದ್ದಾಗ ಅದೇ ಖಾತೆಗೆ ಅಲ್ಲಿ ಯಾರಾದರೂ ಲಾಗಿನ್ ಆದರೆ ನಿಮ್ಮ ಸಂಪರ್ಕ ಕಡಿಯುತ್ತದೆ.