ಕೊಡಗಿನಿಂದ ಉಡುಪಿಗೆ, ಉಡುಪಿಯಿಂದ ಕುದುರೆಮುಖಕ್ಕೆ: ಪ್ರವಾಸ ಹೊಂದಿಸಿಕೊಳ್ಳುವ ಬಗೆ

ಉಡುಪಿಗೆ ಹೋಗುವ ಕೊಡಗಿನ ಕುಟುಂಬಗಳಲ್ಲಿ ಹೆಚ್ಚಿನವು ಕೃಷ್ಣ ಮಠದಲ್ಲಿ ದರ್ಶನ ಪಡೆದು, ಮಲ್ಪೆಯಲ್ಲಿ ಒಂದು ಸಂಜೆ ಕಳೆದು, ಹೋದ ದಾರಿಯಲ್ಲೇ ಹಿಂತಿರುಗುತ್ತವೆ. ಅಲ್ಲಿಂದ ಸುಮಾರು ಎರಡು ಗಂಟೆ ಪೂರ್ವಕ್ಕೆ ಸಾಗಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ ಸಿಗುತ್ತದೆ ಎಂಬುದು ಗೊತ್ತಿದ್ದರೂ, ಕಡಲು ಮತ್ತು ಬೆಟ್ಟವನ್ನು ಒಂದೇ ಪ್ರವಾಸದಲ್ಲಿ ಸೇರಿಸುವ ಯೋಚನೆಯನ್ನು ಅನೇಕರು ಮಾಡುವುದಿಲ್ಲ. ನಾಲ್ಕು ದಿನಗಳ ಬಿಡುವಿದ್ದರೆ ಇದನ್ನು ಆರಾಮವಾಗಿ ಮಾಡಬಹುದು. ಅದಕ್ಕೆ ಎರಡು ವಿಷಯಗಳನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು: ಕಡಲು ಮೊದಲು, ಬೆಟ್ಟ ಆಮೇಲೆ, ಮತ್ತು ಹೊರಡುವುದು ಕಾವೇರಿ ಸಂಕ್ರಮಣ ಕಳೆದ ಮೇಲೆ.

ಕಾಲದ ಆಯ್ಕೆ

ಮಳೆಗಾಲದಲ್ಲಿ ಕುದುರೆಮುಖದ ಬೆಟ್ಟಗಳು ಅತ್ಯಂತ ಸುಂದರವಾಗಿರುತ್ತವೆ ಎಂಬುದು ನಿಜ. ಆದರೆ ಆ ತಿಂಗಳುಗಳಲ್ಲಿ ಕಡಲು ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ನಿಂತಿರುತ್ತವೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂದರಿನಲ್ಲೂ ಚಟುವಟಿಕೆ ಇರುವುದಿಲ್ಲ. ಅದಕ್ಕೂ ಮಿಗಿಲಾಗಿ, ನಮ್ಮ ಸಂಪಾಜೆ ಘಾಟಿಯ ದಾರಿಯನ್ನು ಜೋರು ಮಳೆಯಲ್ಲಿ ನಂಬಿ ಹೊರಡುವುದು ಸರಿಯಲ್ಲ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಗುಡ್ಡಗಳು ಜರಿದು ಆ ರಸ್ತೆ ಮುಚ್ಚಿಹೋದದ್ದನ್ನು ಕೊಡಗಿನವರಿಗೆ ಯಾರೂ ನೆನಪಿಸಬೇಕಾಗಿಲ್ಲ.

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು ಮತ್ತು ಕಣದ ಕೆಲಸ ಬಿಟ್ಟು ತೋಟದವರು ನಾಲ್ಕು ದಿನ ಮನೆಯಿಂದ ಹೊರಗಿರುವುದು ಕಷ್ಟ. ಮಾರ್ಚ್ ನಂತರ ಕರಾವಳಿಯ ಸೆಕೆ ನಮ್ಮ ಹವೆಗೆ ಒಗ್ಗಿದವರನ್ನು ಹೈರಾಣಾಗಿಸುತ್ತದೆ. ಬೆಟ್ಟದ ಹುಲ್ಲು ಒಣಗಿ, ಕಾಡ್ಗಿಚ್ಚಿನ ಭಯದಿಂದ ಚಾರಣವನ್ನು ನಿಲ್ಲಿಸುವುದೂ ಉಂಟು. ಹೀಗೆ ಲೆಕ್ಕ ಹಾಕಿದರೆ ಉಳಿಯುವುದು ಅಕ್ಟೋಬರ್ 17ರ ಆಸುಪಾಸಿನ ಸಂಕ್ರಮಣದಿಂದ, ನವೆಂಬರ್ ಕೊನೆ ಇಲ್ಲವೆ ಡಿಸೆಂಬರ್‌ನಲ್ಲಿ ಬರುವ ನಮ್ಮ ಸುಗ್ಗಿ ಹಬ್ಬ ಹುತ್ತರಿಯವರೆಗಿನ ಅವಧಿ. ಆಗ ಮಳೆ ಕಡಿಮೆಯಾಗಿರುತ್ತದೆ, ಹುಲ್ಲುಗಾವಲು ಇನ್ನೂ ಹಸಿರಾಗಿರುತ್ತದೆ, ಕಡಲೂ ತಣ್ಣಗಾಗಿರುತ್ತದೆ. ಅರೇಬಿಕಾ ಬೇಗ ಹಣ್ಣಾಗುವ ತೋಟದವರು ನವೆಂಬರ್‌ಗೆ ಕಾಯದೆ ಅಕ್ಟೋಬರ್‌ನಲ್ಲೇ ಹೊರಡುವುದು ಲೇಸು.

ಹೋಗುವ ದಾರಿ

ಮಡಿಕೇರಿಯಿಂದ ಮಂಗಳೂರಿಗೆ ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ, ಬಿ.ಸಿ. ರೋಡ್ ಮೂಲಕ ಸುಮಾರು 140 ಕಿ.ಮೀ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿ ಇನ್ನೂ 60 ಕಿ.ಮೀ.ನಷ್ಟಿದೆ. ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಉಡುಪಿ ತಲುಪಬಹುದು. ಬಸ್ಸಿನಲ್ಲಿ ಹೋಗುವವರು ಗಮನಿಸಬೇಕಾದ ಅಂಶವೆಂದರೆ, ಮಡಿಕೇರಿಯ ಸರ್ಕಾರಿ ಬಸ್ಸು ಮಂಗಳೂರಿನ ಬಿಜೈ ನಿಲ್ದಾಣಕ್ಕೆ ಹೋಗುತ್ತದೆ. ಉಡುಪಿಯ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ಸ್ಟೇಟ್ ಬ್ಯಾಂಕ್ ಬಳಿಯ ನಿಲ್ದಾಣದಿಂದ ಹೊರಡುತ್ತವೆ. ಬಿಜೈಯಲ್ಲಿ ಇಳಿದವರು ಅಷ್ಟು ದೂರ ಹೋಗದೆ, ಹತ್ತಿರದ ಲಾಲ್‌ಬಾಗ್‌ಗೆ ನಡೆದು ಅಲ್ಲಿಯೇ ಬಸ್ಸು ಹತ್ತಬಹುದು.

ವಿರಾಜಪೇಟೆ, ಗೋಣಿಕೊಪ್ಪ ಕಡೆಯವರಿಗೆ ಇನ್ನೊಂದು ದಾರಿಯಿದೆ. ಮಾಕುಟ್ಟ, ಇರಿಟ್ಟಿ ಮೂಲಕ ಕಣ್ಣೂರಿಗೆ ಇಳಿದು, ಅಲ್ಲಿಂದ ಕೊಂಕಣ ರೈಲು ಮಾರ್ಗದಲ್ಲಿ ಸಾಗುವ ರೈಲನ್ನು ಹಿಡಿದರೆ ನೇರವಾಗಿ ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ಇಳಿಯಬಹುದು. ರೈಲೇ ಇಲ್ಲದ ಜಿಲ್ಲೆಯ ಮಕ್ಕಳಿಗೆ, ಒಂದರ ಹಿಂದೆ ಒಂದರಂತೆ ಹೊಳೆಗಳ ಸೇತುವೆ ದಾಟುವ ಈ ಪ್ರಯಾಣವೇ ಪ್ರವಾಸದ ಅರ್ಧ ಸಂತೋಷ. ಆದರೆ ಇದನ್ನು ಆರಿಸಿಕೊಂಡವರು ಮುಂದಿನ ಬೆಟ್ಟದ ದಾರಿಗೆ ಉಡುಪಿಯಲ್ಲಿ ಬಾಡಿಗೆ ಕಾರು ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ಉಡುಪಿಯಲ್ಲಿ ಎರಡು ರಾತ್ರಿ

ಕಡಲಿಗೆ ಹತ್ತಿರವೆಂದು ಮಲ್ಪೆಯಲ್ಲಿ ಉಳಿಯುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ವಯಸ್ಸಾದವರು ಜೊತೆಗಿದ್ದರೆ ನಗರದೊಳಗೆ, ರಥಬೀದಿಗೆ ನಡೆದು ಹೋಗುವಷ್ಟು ದೂರದಲ್ಲಿ ಉಳಿಯುವುದೇ ಅನುಕೂಲ. ಪಶ್ಚಿಮಕ್ಕೆ ಮಲ್ಪೆ, ಪೂರ್ವಕ್ಕೆ ಮಣಿಪಾಲ ಎರಡೂ ಐದಾರು ಕಿ.ಮೀ. ಅಂತರದಲ್ಲಿವೆ, ಸಿಟಿ ಬಸ್ಸುಗಳು ದಿನವಿಡೀ ಓಡಾಡುತ್ತವೆ. ಜನವರಿ 18ರಂದು ನಡೆಯುವ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷಗಳಲ್ಲಿ ಬರುತ್ತದೆ. ಆ ದಿನಗಳಲ್ಲಿ ಕೋಣೆ ಸಿಗುವುದು ದುರ್ಲಭ.

ಮೊದಲ ದಿನ ಸಂಜೆ ಮಠಕ್ಕೆ ಹೋಗಬೇಕು. ಪಶ್ಚಿಮಕ್ಕೆ ಮುಖಮಾಡಿರುವ ಕೃಷ್ಣನನ್ನು ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕ ನೋಡುವ ಪದ್ಧತಿ ಇಲ್ಲಿಯದು. ಹೊರಗಿನ ಕನಕನ ಕಿಂಡಿಯ ಮುಂದೆ ಒಂದು ಕ್ಷಣ ನಿಂತು ಆಮೇಲೆ ಒಳಗೆ ಹೋಗುವುದು ಒಳ್ಳೆಯದು. ಗಂಡಸರು ಪಂಚೆ, ಶಲ್ಯ ಇಟ್ಟುಕೊಂಡಿದ್ದರೆ ಅಂಗಿ ತೆಗೆಯಬೇಕಾದಾಗ ಮುಜುಗರವಿರುವುದಿಲ್ಲ. ಊಟದ ವಿಷಯದಲ್ಲಿ ಒಂದೇ ಸಲಹೆ: ಮಟ್ಟುಗುಳ್ಳದ ಸಾಂಬಾರು ಸಿಕ್ಕಿದರೆ ಬಿಡಬೇಡಿ. ಮಟ್ಟು ಗ್ರಾಮದ ಈ ಹಸಿರು ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ಎರಡನೆಯ ದಿನವನ್ನು ಪೂರ್ತಿಯಾಗಿ ಕಡಲಿಗೆ ಮೀಸಲಿಡಿ. ಮೀನಿನಲ್ಲಿ ಆಸಕ್ತಿ ಇರುವವರು ಬೆಳಗಿನ ಜಾವವೇ ಮಲ್ಪೆ ಬಂದರಿಗೆ ಹೋಗಬೇಕು. ದೋಣಿಯಿಂದ ಬುಟ್ಟಿಗಳು ಕೈಯಿಂದ ಕೈಗೆ ದಾಟುತ್ತ ದಕ್ಕೆಗೆ ಬಂದು ಬೀಳುತ್ತವೆ. ಬಂಗುಡೆ ಒಂದೆಡೆ, ಬೂತಾಯಿ ಒಂದೆಡೆ, ಅಂಜಲ್ ಬೇರೆಯಾಗಿ ರಾಶಿ ಬೀಳುವಷ್ಟರಲ್ಲಿ ಹರಾಜಿನ ಕೂಗು ಶುರುವಾಗಿರುತ್ತದೆ, ಪಕ್ಕದಲ್ಲೇ ಯಂತ್ರಕ್ಕೆ ಹಾಕಿದ ಮಂಜುಗಡ್ಡೆ ಪುಡಿಯಾಗಿ ಲಾರಿಯೊಳಗಿನ ಪೆಟ್ಟಿಗೆಗಳಿಗೆ ಸುರಿಯುತ್ತಿರುತ್ತದೆ. ಅಲ್ಲಿ ದುಡಿಯುವವರಿಗೆ ಅಡ್ಡ ಬರದಂತೆ, ಜಾರದ ಚಪ್ಪಲಿ ಹಾಕಿಕೊಂಡು, ಅಂಚಿನಲ್ಲಿ ನಿಂತು ನೋಡಬೇಕು.

ದ್ವೀಪಕ್ಕೆ ಹೋಗುವವರು ಬಿಸಿಲೇರುವ ಮೊದಲೇ ದೋಣಿ ಹತ್ತುವುದು ಸೂಕ್ತ, ಏಕೆಂದರೆ ಅಲ್ಲಿ ತೆಂಗಿನ ಮರಗಳ ನೆರಳು ಬಿಟ್ಟರೆ ಹೆಚ್ಚಿನ ಆಸರೆಯಿಲ್ಲ. ಅಲ್ಲಿಯ ಆರು ಮೂಲೆಯ ಕಲ್ಲುಕಂಬಗಳು ಯಾರೂ ಕಡೆದು ನಿಲ್ಲಿಸಿದವಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಮತ್ತು ಭಾರತದ ಭೂಭಾಗಗಳು ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತ ಕುಗ್ಗಿ, ಬಿರುಕುಬಿಟ್ಟು ಈ ಆಕಾರ ತಾಳಿತು. ಮಕ್ಕಳಿಗೆ ಇದನ್ನು ದೋಣಿಯಲ್ಲೇ ಹೇಳಿಟ್ಟರೆ ಅವರು ಕಂಬಗಳ ಮೂಲೆಗಳನ್ನು ತಾವೇ ಎಣಿಸುತ್ತಾರೆ.

ಸ್ನಾನದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಹೊಳೆಯಲ್ಲಿ ಈಜಿ ಬೆಳೆದವರಿಗೆ ನೀರಿನ ಸೆಳೆತ ಯಾವ ಕಡೆಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಕಡಲಿನಲ್ಲಿ ಹಾಗಲ್ಲ, ಮೇಲೆ ಶಾಂತವಾಗಿ ಕಾಣುವ ಕಡೆಯಲ್ಲೇ ನೀರು ಹಿಂದಕ್ಕೆ ಎಳೆಯುತ್ತಿರಬಹುದು. ಸೊಂಟದ ಮಟ್ಟ ದಾಟಬಾರದು, ಜೀವರಕ್ಷಕರ ಸೀಟಿಯನ್ನು ಅಲಕ್ಷಿಸಬಾರದು, ದ್ವೀಪದ ಬಂಡೆಗಳ ಬಳಿ ನೀರಿಗೆ ಇಳಿಯಲೇಬಾರದು.

ಕಾರ್ಕಳ ದಾಟಿ ಕಾಡಿಗೆ

ಮೂರನೆಯ ದಿನ ಬೆಳಿಗ್ಗೆ ಆರೂವರೆಗೆ ಉಡುಪಿ ಬಿಡಬೇಕು. ಕಾರ್ಕಳಕ್ಕೆ 40 ಕಿ.ಮೀ. ಒಳಗಿನ ದಾರಿ, 1432ರಲ್ಲಿ ಪ್ರತಿಷ್ಠಾಪಿಸಿದ 42 ಅಡಿಯ ಬಾಹುಬಲಿಯನ್ನು ಎಳೆ ಬಿಸಿಲಿನಲ್ಲಿ ನೋಡಿ, ತಿಂಡಿ ತಿಂದು, ವಾಹನಕ್ಕೆ ಇಂಧನ ತುಂಬಿಸಿಕೊಳ್ಳಿ. ಮುಂದೆ ಬಜಗೋಳಿ, ಮಾಳ ದಾಟಿ ಘಾಟಿ ಹತ್ತಿದರೆ ಎಸ್.ಕೆ. ಬಾರ್ಡರ್ (ಸೌತ್ ಕೆನರಾ ಗಡಿ) ಸಿಗುತ್ತದೆ. ಅಲ್ಲಿ ಒಂದು ದಾರಿ ಶೃಂಗೇರಿಗೆ, ಇನ್ನೊಂದು ಕುದುರೆಮುಖಕ್ಕೆ ಕವಲೊಡೆಯುತ್ತದೆ.

ಅರಣ್ಯ ತಪಾಸಣಾ ಠಾಣೆಯಲ್ಲಿ ವಾಹನದ ವಿವರವನ್ನು, ಒಳಹೋದ ಸಮಯವನ್ನು ಬರೆದುಕೊಳ್ಳುತ್ತಾರೆ. ಉದ್ಯಾನದೊಳಗಿನ ರಸ್ತೆಯಲ್ಲಿ ಕಂಡಕಂಡಲ್ಲಿ ನಿಲ್ಲಿಸುವುದು, ಊಟ ಬಿಚ್ಚುವುದು, ಹೊಳೆಗೆ ಇಳಿಯುವುದು ಸಲ್ಲದು. ನಮ್ಮ ಮಾಂದಲಪಟ್ಟಿ ಬೆಟ್ಟದಲ್ಲಿ ಹೊರಗಿನಿಂದ ಬಂದವರು ಎಸೆದು ಹೋದ ಬಾಟಲಿಗಳನ್ನು ನೋಡಿ ನೊಂದುಕೊಳ್ಳುವ ನಾವು, ಇನ್ನೊಬ್ಬರ ಬೆಟ್ಟಕ್ಕೆ ಹೋದಾಗ ನೀರನ್ನು ಸ್ಟೀಲ್ ಬಾಟಲಿಯಲ್ಲೇ ಒಯ್ಯಬೇಕು.

ಈ ಕಾಡು ಉಳಿದ ಬಗೆಯನ್ನು ತಿಳಿದು ನೋಡಿದರೆ ನೋಟ ಬೇರೆಯಾಗುತ್ತದೆ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇಲ್ಲಿಯ ಗುಡ್ಡಗಳನ್ನು ಅಗೆದು, ಅದಿರನ್ನು ನೀರಿನೊಂದಿಗೆ ಬೆರೆಸಿ ಕೊಳವೆಯ ಮೂಲಕ ಪಣಂಬೂರಿನ ಕಡಲತೀರಕ್ಕೆ ಸಾಗಿಸುತ್ತಿತ್ತು. 1987ರಲ್ಲಿ ಸುಮಾರು 600 ಚದರ ಕಿ.ಮೀ. ಪ್ರದೇಶ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಮೇಲೂ ಗಣಿ ನಡೆಯುತ್ತಲೇ ಇತ್ತು. ಭದ್ರೆಯ ನೀರು ಹೂಳಿನಿಂದ ಕೆಂಪಾಗುತ್ತಿದ್ದುದನ್ನು ಕಂಡವರು ವರ್ಷಗಟ್ಟಲೆ ಹೋರಾಡಿದರು. ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲ ಈ ಉದ್ಯಾನದೊಳಗೇ ಇದೆ. ತಲಕಾವೇರಿಯನ್ನು ಬಲ್ಲವರಿಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಹುಲ್ಲಿನ ಗುಡ್ಡಗಳ ಮಡಿಲಿನಲ್ಲಿ, ನೀರು ಇಳಿಯುವ ಕಣಿವೆಗಳಲ್ಲಿ ಮಾತ್ರ ಒತ್ತಾಗಿ ಬೆಳೆಯುವ ಶೋಲಾ ಕಾಡನ್ನು ಇಲ್ಲಿ ರಸ್ತೆಯಿಂದಲೇ ಸ್ಪಷ್ಟವಾಗಿ ನೋಡಬಹುದು. ಹುಲ್ಲು ಮಳೆನೀರಿನ ಓಟವನ್ನು ತಡೆದು ನೆಲದೊಳಗೆ ಇಳಿಸುತ್ತದೆ, ಶೋಲಾ ಅದನ್ನು ಹಿಡಿದಿಟ್ಟು ನಿಧಾನವಾಗಿ ತೊರೆಗೆ ಬಿಡುತ್ತದೆ. ಮರದ ಮೇಲೆ ಸಿಂಗಳೀಕ ಕಂಡರೆ ಅದು ಅದೃಷ್ಟ. ಕಾಣದಿದ್ದರೆ ಹುಡುಕಿಕೊಂಡು ಕೆಳಗಿಳಿಯಬಾರದು.

ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರವನ್ನು ಹತ್ತುವ ಆಸೆಯಿದ್ದರೆ ಅದಕ್ಕೆ ಪ್ರತ್ಯೇಕವಾಗಿ ಒಂದು ದಿನ ಬೇಕು. ಸಂಸೆಗೆ ಹೋಗಿ, ಬಾಳೆಗಲ್ಲಿನಿಂದ ಜೀಪಿನಲ್ಲಿ ಮುಳ್ಳೋಡಿ ತಲುಪಿ, ಅಲ್ಲಿಂದ ಹೋಗಿಬರಲು 20 ಕಿ.ಮೀ.ಗೂ ಹೆಚ್ಚು ನಡೆಯಬೇಕು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಅನುಮತಿ ಪಡೆದಿರಬೇಕು, ಮಾರ್ಗದರ್ಶಕರೊಂದಿಗೆ ಮಾತ್ರ ಹೋಗಬೇಕು. ದಿನಕ್ಕೆ ಇಷ್ಟೇ ಜನವೆಂಬ ಮಿತಿಯಿರುವುದರಿಂದ ವಾರಾಂತ್ಯದ ಚೀಟಿಗಳು ಬೇಗ ಮುಗಿಯುತ್ತವೆ. ಕೊಡಗಿನ ತಡಿಯಂಡಮೋಳ್ ಶಿಖರ ಹತ್ತಿದ್ದೇವೆ, ಇದೇನು ಮಹಾ ಎಂದುಕೊಳ್ಳಬಾರದು. ಇಲ್ಲಿಯ ನಡಿಗೆ ಅದಕ್ಕಿಂತ ಬಹಳ ಉದ್ದ.

ಮರಳುವಾಗ

ರಾತ್ರಿ ಕಳಸದಲ್ಲಿ ಉಳಿದು, ನಾಲ್ಕನೆಯ ದಿನ ಕೊಟ್ಟಿಗೆಹಾರ, ಮೂಡಿಗೆರೆ, ಸಕಲೇಶಪುರ, ಕೊಡ್ಲಿಪೇಟೆ, ಶನಿವಾರಸಂತೆ, ಸೋಮವಾರಪೇಟೆಯ ದಾರಿ ಹಿಡಿದರೆ ಮತ್ತೆ ಕರಾವಳಿಗೆ ಇಳಿಯಬೇಕಾಗಿಲ್ಲ, ಹೋದ ದಾರಿಯನ್ನೇ ತುಳಿಯಬೇಕಾಗಿಯೂ ಇಲ್ಲ. ಬೆಳಿಗ್ಗೆ ಬೇಗ ಹೊರಟವರಿಗೆ ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನಕ್ಕೂ ಸಮಯ ಸಿಗುತ್ತದೆ. ಆದರೆ ಮಧ್ಯಾಹ್ನ ಮೂರರೊಳಗೆ ಸಕಲೇಶಪುರ ಬಿಡುವಂತೆ ನೋಡಿಕೊಳ್ಳಬೇಕು, ಏಕೆಂದರೆ ಅಲ್ಲಿಂದ ಕೊಡ್ಲಿಪೇಟೆಯವರೆಗಿನ ತೋಟಗಳ ನಡುವಿನ ರಸ್ತೆಯಲ್ಲಿ ಕತ್ತಲಾಗುತ್ತಿದ್ದಂತೆ ಕಾಡಾನೆಗಳು ದಾಟುತ್ತವೆ.