ಮಿಲ್ಲಿನ ಊರಿಂದ ಉಕ್ಕಿನ ಊರಿಗೆ: ಪಿಟ್ಸ್‌ಬರ್ಗ್‌ಗೆ ಹೊರಟ ದಾವಣಗೆರೆಯವರಿಗೆ

ರಜೆಗೆ ದಾವಣಗೆರೆಗೆ ಬಂದು ಮೂರು ವಾರವಾಯಿತು. ನಿಟುವಳ್ಳಿಯ ನಮ್ಮ ಮನೆಗೆ ದಿನಕ್ಕೆ ಒಬ್ಬರಾದರೂ ಬರುತ್ತಾರೆ. ಒಬ್ಬರ ಮಗನಿಗೆ ಎಂಎಸ್ ಸೀಟು ಸಿಕ್ಕಿದೆ. ಇನ್ನೊಬ್ಬರ ಮಗಳು ಡಾಕ್ಟರು, ಮುಂದಿನ ವರ್ಷದ ರೆಸಿಡೆನ್ಸಿಗೆ, ಅಂದರೆ ಅಲ್ಲಿನ ಆಸ್ಪತ್ರೆಯ ತಜ್ಞ ತರಬೇತಿಗೆ, ಓದುತ್ತಿದ್ದಾಳೆ. ಎಲ್ಲರೂ ಕೇಳುವುದು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಪಿಟ್ಸ್‌ಬರ್ಗ್ ಬಗ್ಗೆ. "ಅದು ಹಾಳುಬಿದ್ದ ಉಕ್ಕಿನ ಊರಂತಲ್ಲ ಅಣ್ಣಾ?" ಅಂತ ಕೆಲವರು. "ಈಗ ರೋಬೋಟ್ ಊರಂತೆ, ಕೆಲಸಕ್ಕೆ ಬರವೇ ಇಲ್ಲವಂತೆ" ಅಂತ ಇನ್ನು ಕೆಲವರು. ನಾನು ಅಲ್ಲಿ 18 ವರ್ಷದಿಂದ ಇದ್ದೇನೆ. ಎರಡೂ ಮಾತು ಅರ್ಧರ್ಧ ನಿಜ. ಯಾವ ಅರ್ಧ ಎಲ್ಲಿ ನಿಜ ಅಂತ ತಿಳಿದಿದ್ದರೆ ಮನೆ ಹುಡುಕುವಾಗ, ಕೆಲಸ ಒಪ್ಪುವಾಗ ಎಡವುವುದಿಲ್ಲ. ಎಲ್ಲರಿಗೂ ಬಾಯಲ್ಲಿ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಊರಿನ ಕಥೆ. ಅಲಿಗೇನಿ, ಮೊನಾಂಗಹೀಲಾ ಎಂಬ ಎರಡು ನದಿ ಸೇರಿ ಒಹಾಯೊ ನದಿಯಾಗುವ ಜಾಗದಲ್ಲಿ ಪಿಟ್ಸ್‌ಬರ್ಗ್ ಇದೆ. ಸುತ್ತ ಗುಡ್ಡ, ಗುಡ್ಡದ ಒಳಗೆ ಕಲ್ಲಿದ್ದಲು. ಆಂಡ್ರ್ಯೂ ಕಾರ್ನೆಗಿ 1875ರಲ್ಲಿ ಪಕ್ಕದ ಬ್ರಾಡಕ್‌ನಲ್ಲಿ ಉಕ್ಕಿನ ಕಾರ್ಖಾನೆ ಶುರು ಮಾಡಿದ. ಆಮೇಲೆ ನದಿ ದಡದಲ್ಲಿ ಮೈಲುಗಟ್ಟಲೆ ಕುಲುಮೆಗಳೇ ಎದ್ದವು. ಮಟಮಟ ಮಧ್ಯಾಹ್ನ ಬೀದಿ ದೀಪ ಹಚ್ಚಬೇಕಾಗುವಷ್ಟು ಹೊಗೆ. 1950ರಲ್ಲಿ ಊರಿನ ಜನಸಂಖ್ಯೆ 6,76,806. 2020ರಲ್ಲಿ 3,02,971. ಅರ್ಧಕ್ಕಿಂತ ಜಾಸ್ತಿ ಜನ ಕಡಿಮೆಯಾದರು. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದ್ದ ನಮ್ಮ ದಾವಣಗೆರೆಗಿಂತ ಅದು ಈಗ ಚಿಕ್ಕ ಊರು. ಸುತ್ತಲಿನ ಉಪನಗರಗಳನ್ನು ಸೇರಿಸಿದರೆ ಮಾತು ಬೇರೆ.

ದೊಡ್ಡ ಪೆಟ್ಟು ಬಿದ್ದದ್ದು 1980ರ ದಶಕದಲ್ಲಿ. ಹೊರದೇಶದ ಅಗ್ಗದ ಉಕ್ಕು ಬಂತು. ಇಲ್ಲಿನ ಕುಲುಮೆಗಳು ಹಳೆಯವಾಗಿದ್ದವು. ಗುಜರಿ ಕಬ್ಬಿಣ ಕರಗಿಸುವ ಸಣ್ಣ ಕಾರ್ಖಾನೆಗಳು ಬೇರೆ ಕಡೆ ಎದ್ದವು. 1983ರ ಶುರುವಿನಲ್ಲಿ ಆ ಭಾಗದ ನಿರುದ್ಯೋಗ ನೂರಕ್ಕೆ 17 ದಾಟಿತ್ತು. ಪಕ್ಕದ ಹೋಮ್‌ಸ್ಟೆಡ್‌ನ ದೊಡ್ಡ ಕಾರ್ಖಾನೆ 1986ರಲ್ಲಿ ಬಾಗಿಲು ಹಾಕಿತು.

ಈ ಕಥೆ ನಮಗೆ ಹೊಸದಲ್ಲ, ಅಲ್ವಾ? ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲವನ್ನು ನಿಮ್ಮ ಅಜ್ಜಂದಿರು ನೋಡಿದ್ದಾರೆ. ಡಿಸಿಎಂ ಟೌನ್‌ಶಿಪ್ ಅನ್ನುತ್ತೇವಲ್ಲ, ಆ ಡಿಸಿಎಂ ಅಂದರೆ ದಾವಣಗೆರೆ ಕಾಟನ್ ಮಿಲ್. ನಮ್ಮಪ್ಪ ಇಲ್ಲಿನ ಒಂದು ಮಿಲ್ಲಿನಲ್ಲಿ ನೂಲು ತೆಗೆಯುವ ಖಾತೆಯಲ್ಲಿದ್ದರು. ಮೂರು ಪಾಳಿ. ಮಿಲ್ಲಿನ ಕೂಗು ಕೇಳಿ ಅಮ್ಮ ಒಲೆ ಹಚ್ಚುತ್ತಿದ್ದಳು. ತಲೆಗೂದಲಿಗೆ ಅಂಟಿದ ಅರಳೆಯ ಜೊತೆಗೇ ಅಪ್ಪ ಮನೆಗೆ ಬರುತ್ತಿದ್ದರು. ಹಳೇ ಯಂತ್ರ, ಪವರ್‌ಲೂಮ್ ಪೈಪೋಟಿ, ಮೇಲೆ ಸಾಲ ಅಂತ ಅಪ್ಪ ಕಾರಣ ಹೇಳುತ್ತಿದ್ದರು. ಒಂದು ದಿನ ಕೂಗು ನಿಂತಿತು. ಬರಬೇಕಾದ ಹಣಕ್ಕೆ ಅವರು ವರ್ಷಗಟ್ಟಲೆ ಅಲೆದರು.

ಎರಡೂ ಊರು ಮತ್ತೆ ಎದ್ದದ್ದು ಒಂದೇ ದಾರಿಯಲ್ಲಿ: ಕಾಲೇಜು ಮತ್ತು ಆಸ್ಪತ್ರೆ. ಮಿಲ್ಲು ಮುಚ್ಚಿದ ಮೇಲೆ ಯಾರೋ ಬಂದು ಕಾಲೇಜು ಕಟ್ಟಿ ಊರು ಉಳಿಸಿದರು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ. ನಮ್ಮಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1951ರಲ್ಲಿ. ಬಾಪೂಜಿ ವಿದ್ಯಾಸಂಸ್ಥೆ 1958, ಜೆಜೆಎಂ ಮೆಡಿಕಲ್ ಕಾಲೇಜು 1965. ಆಗಿನ್ನೂ ಮಿಲ್ಲುಗಳು ಓಡುತ್ತಿದ್ದವು. ಅಲ್ಲಿಯೂ ಅಷ್ಟೇ. ಕಾರ್ನೆಗಿ ತಾಂತ್ರಿಕ ಶಾಲೆ ಹುಟ್ಟಿದ್ದು 1900ರಲ್ಲಿ, ಉಕ್ಕಿನ ಕಾಲದಲ್ಲೇ. ಅದೇ ಇವತ್ತಿನ ಕಾರ್ನೆಗಿ ಮೆಲನ್ ಯೂನಿವರ್ಸಿಟಿ. ಜೋನಸ್ ಸಾಲ್ಕ್ ಪೋಲಿಯೊ ಲಸಿಕೆ ಕಂಡುಹಿಡಿದದ್ದು ಪಿಟ್ಸ್‌ಬರ್ಗ್ ಯೂನಿವರ್ಸಿಟಿಯಲ್ಲಿ. ಲಸಿಕೆ ಕೆಲಸ ಮಾಡುತ್ತದೆ ಅಂತ 1955ರಲ್ಲಿ ಜಗತ್ತಿಗೆ ಗೊತ್ತಾಯಿತು. ಕಾರ್ನೆಗಿ ಮೆಲನ್‌ನ ರೊಬೋಟಿಕ್ಸ್ ಸಂಸ್ಥೆ ಶುರುವಾದದ್ದು 1979ರಲ್ಲಿ, ನಮ್ಮ ಬಿಐಇಟಿ ಎಂಜಿನಿಯರಿಂಗ್ ಕಾಲೇಜು ಶುರುವಾದ ವರ್ಷವೇ. ಕುಲುಮೆ ಆರುವ ಮೊದಲೇ ಬೀಜ ನೆಲಕ್ಕೆ ಬಿದ್ದಿತ್ತು.

ಊರಿನ ಅತಿ ಎತ್ತರದ ಕಟ್ಟಡ ಯು.ಎಸ್. ಸ್ಟೀಲ್ ಟವರ್. 64 ಮಹಡಿ. ಉಕ್ಕಿನ ಕಂಪನಿ ತನಗಾಗಿ ಕಟ್ಟಿಸಿದ್ದು. ಇವತ್ತು ಅದರ ನೆತ್ತಿಯ ಮೇಲೆ ಹೊಳೆಯುವ ಅಕ್ಷರ ಯುಪಿಎಂಸಿ, ಅಂದರೆ ಆಸ್ಪತ್ರೆಗಳ ಸಂಸ್ಥೆ. ಊರಿನ ಚರಿತ್ರೆ ಆ ಒಂದು ಕಟ್ಟಡದಲ್ಲೇ ಇದೆ.

ಆದರೆ ಹೊಸ ಕೆಲಸ ಸಿಕ್ಕಿದ್ದು ಹಳೇ ಕೆಲಸ ಕಳೆದುಕೊಂಡವರಿಗಲ್ಲ. ಇದನ್ನು ಮರೆಯಬೇಡಿ. ನಮ್ಮಪ್ಪನಿಗೆ ಕಾಲೇಜು ಕೊಟ್ಟದ್ದು ಹಾಸ್ಟೆಲ್ ಗೇಟಿನ ರಾತ್ರಿ ಕಾವಲು. ಅಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಹೋಮ್‌ಸ್ಟೆಡ್‌ನಲ್ಲಿ ಕುಲುಮೆ ಕೆಲಸ ಮಾಡಿದವರು. ಮುಚ್ಚಿದಾಗ ಅವರಿಗೆ 41 ವರ್ಷ. ಆಮೇಲೆ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಿದರು. ಮಕ್ಕಳಿಬ್ಬರೂ ಕೆಲಸ ಹುಡುಕಿಕೊಂಡು ಟೆಕ್ಸಸ್‌ಗೆ ಹೋದವರು ವಾಪಸ್ ಬರಲಿಲ್ಲ. ಅಪ್ಪ 2012ರಲ್ಲಿ ನಮ್ಮ ಮನೆಗೆ ಬಂದಾಗ ಅವರನ್ನೂ ಆ ಅಜ್ಜನನ್ನೂ ಹೋಮ್‌ಸ್ಟೆಡ್‌ಗೆ ಕರೆದುಕೊಂಡು ಹೋದೆ. ಈಗ ಅಲ್ಲಿ ಶಾಪಿಂಗ್ ಸೆಂಟರ್ ಇದೆ, ಹಳೇ ಕಾರ್ಖಾನೆಯ 12 ಇಟ್ಟಿಗೆ ಚಿಮಣಿಗಳನ್ನು ಸಾಲಾಗಿ ಹಾಗೇ ಉಳಿಸಿದ್ದಾರೆ. ಇಬ್ಬರಿಗೂ ಕಿವಿ ಮಂದ. ಒಬ್ಬರದ್ದು ಸ್ಪಿಂಡಲ್ ಸದ್ದಿಗೆ, ಇನ್ನೊಬ್ಬರದ್ದು ಕುಲುಮೆ ಸದ್ದಿಗೆ ಹೋದದ್ದು. ಅಪ್ಪ ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ, ಇಬ್ಬರೂ ಜೋರು ದನಿಯಲ್ಲಿ ಒಂದು ಗಂಟೆ ಮಾತಾಡಿದರು. ನಾನು ನಡುವೆ ಬಾಯಿ ಹಾಕಲಿಲ್ಲ.

ನಿಮ್ಮ ಬೀದಿಯಲ್ಲೂ ಇಂಥವರು ಇರುತ್ತಾರೆ. ಮಾತಾಡಿಸಿ. ಹಿಮ ಬೀಳುವ ಮೊದಲು ಹಿತ್ತಲ ನಲ್ಲಿಯ ನೀರು ಬಸಿಯಬೇಕು, ಮೆಟ್ಟಿಲಿಗೆ ಯಾವಾಗ ಉಪ್ಪು ಹಾಕಬೇಕು, ಎಲ್ಲ ನನಗೆ ಕಲಿಸಿದ್ದು ಆ ಅಜ್ಜ.

ಇನ್ನು ಮನೆಯ ವಿಷಯ. ಪಿಟ್ಸ್‌ಬರ್ಗ್ ಎದ್ದಿದೆ, ಆದರೆ ತುಂಡು ತುಂಡಾಗಿ ಎದ್ದಿದೆ. ಈಸ್ಟ್ ಲಿಬರ್ಟಿ ಕಡೆ ಹಳೇ ನಬಿಸ್ಕೊ ಬಿಸ್ಕತ್ ಫ್ಯಾಕ್ಟರಿಯಲ್ಲಿ 2010ರಿಂದ ಗೂಗಲ್ ಆಫೀಸಿದೆ. ಹತ್ತಿರದಲ್ಲೇ ಭಾಷೆ ಕಲಿಸುವ ಆಪ್‌ನ ಕಂಪನಿ ಡುಯೊಲಿಂಗೊ ಇದೆ. ಹೇಜಲ್‌ವುಡ್‌ನಲ್ಲಿ ಉಕ್ಕಿನ ಕಾರ್ಖಾನೆಯ ಅಸ್ಥಿಪಂಜರವನ್ನು ಹಾಗೇ ಬಿಟ್ಟು, ಅದರ ಒಳಗೆ ಹೊಸ ಕಟ್ಟಡ ಕಟ್ಟಿ, ಮೇಲೆ ಸೋಲಾರ್ ಹಾಸಿದ್ದಾರೆ. ಮಿಲ್ 19 ಅಂತ ಹೆಸರು, ಒಳಗೆ ರೋಬೋಟ್ ಸಂಶೋಧನೆ ನಡೆಯುತ್ತದೆ. ನೋಡಲೇಬೇಕಾದ ಜಾಗ. ಅಲ್ಲಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ಬ್ರಾಡಕ್. ಕಾರ್ನೆಗಿಯ 1875ರ ಕಾರ್ಖಾನೆ ಅಲ್ಲಿ ಇನ್ನೂ ಉರಿಯುತ್ತಿದೆ, ಆದರೆ ಒಂದು ಕಾಲಕ್ಕೆ 20 ಸಾವಿರ ಜನರಿದ್ದ ಊರಲ್ಲಿ ಈಗ ಎರಡು ಸಾವಿರವೂ ಇಲ್ಲ. ಇದ್ದ ಆಸ್ಪತ್ರೆಯೂ 2010ರಲ್ಲಿ ಮುಚ್ಚಿತು.

ಎದ್ದ ಕಡೆಯಲ್ಲೂ ಎಲ್ಲರಿಗೂ ಒಳ್ಳೆಯದಾಗಿಲ್ಲ. ಊರಿನ ನಡುವಿನ ಲೋವರ್ ಹಿಲ್‌ನಲ್ಲಿ ಹೆಚ್ಚಾಗಿ ಕಪ್ಪು ಜನರಿದ್ದರು. ಸುಮಾರು 8 ಸಾವಿರ ಜನರನ್ನು ಎಬ್ಬಿಸಿ, 1961ರ ಹೊತ್ತಿಗೆ ಅಲ್ಲಿ ದೊಡ್ಡ ಕ್ರೀಡಾಂಗಣ ಕಟ್ಟಿದರು. ಈಗ ಆ ಕ್ರೀಡಾಂಗಣವೂ ಇಲ್ಲ. ದಾವಣಗೆರೆ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಗೆ ಸೇರಿದಾಗ "ನಮ್ಮ ಓಣಿಗೆ ಏನು ಬಂತು?" ಅಂತ ನಾವು ಕೇಳಿದೆವಲ್ಲ, ಅಲ್ಲಿನವರಿಗೂ ಅದೇ ಪ್ರಶ್ನೆ ಇದೆ. ಬಾಡಿಗೆ ಏರಿದಾಗ ಸಿಟ್ಟಾಗುವವರನ್ನು ಕಂಡರೆ ಅವರು ನಿಮ್ಮನ್ನು ದ್ವೇಷಿಸುತ್ತಾರೆ ಅಂದುಕೊಳ್ಳಬೇಡಿ. ಅವರ ಮನೆ ಹೋಗಿರುತ್ತದೆ.

ವಿದ್ಯಾರ್ಥಿಗಳಿಗೆ ಓಕ್‌ಲ್ಯಾಂಡ್, ಸ್ಕ್ವಿರಲ್ ಹಿಲ್, ಶೇಡಿಸೈಡ್, ಗ್ರೀನ್‌ಫೀಲ್ಡ್ ಅನುಕೂಲ. ಓಕ್‌ಲ್ಯಾಂಡ್ ಕಡೆ ಬಾಡಿಗೆ ಕರಾರು ಹೆಚ್ಚಾಗಿ ಆಗಸ್ಟ್‌ನಲ್ಲೇ ಶುರುವಾಗುತ್ತದೆ, ಆ ವಾರ ಊರೆಲ್ಲ ಸಾಮಾನು ಹೊರುತ್ತಿರುತ್ತದೆ. ನೋಡದೆ ಮುಂಗಡ ಕೊಡಬೇಡಿ. ನಾನು ಮೊದಲ ವರ್ಷ ಫೋಟೊ ನೋಡಿ ದುಡ್ಡು ಕಳಿಸಿದೆ. ಹೋಗಿ ನೋಡಿದರೆ ನೆಲಮಾಳಿಗೆ ಕೋಣೆ, ಗೋಡೆಯಲ್ಲಿ ನೀರು ಜಿನುಗುತ್ತಿತ್ತು. ಖಾಲಿ ಮಾಡುವಾಗ ಮನೆ ಮಾಲೀಕ ಅಡ್ವಾನ್ಸ್ ವಾಪಸ್ ಕೊಡಲಿಲ್ಲ, ನಾನು ಸುಮ್ಮನಾದೆ. ಕಾನೂನು ಗೊತ್ತಿರಲಿಲ್ಲ. ಪೆನ್ಸಿಲ್ವೇನಿಯದಲ್ಲಿ ಮೊದಲ ವರ್ಷ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ. ಮನೆ ಬಿಟ್ಟ 30 ದಿನದೊಳಗೆ ಹಣ ಅಥವಾ ಹಾನಿಯ ಲೆಕ್ಕ ಕೊಡಲೇಬೇಕು. ಬಿಡುವಾಗ ನಿಮ್ಮ ಹೊಸ ವಿಳಾಸವನ್ನು ಬರೆದು ಕೊಡಿ, ಮನೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಮನೆಗಳು ಬಹಳ ಹಳೆಯವು, ಉಕ್ಕಿನ ಕಾಲದವು. 1978ಕ್ಕಿಂತ ಹಿಂದಿನ ಮನೆಯಲ್ಲಿ ಬಣ್ಣದಲ್ಲಿ ಸೀಸ ಇರಬಹುದು. ಮಾಲೀಕರು ತಮಗೆ ಗೊತ್ತಿರುವುದನ್ನು ಬರಹದಲ್ಲಿ ತಿಳಿಸಬೇಕೆಂದು ಕಾನೂನಿದೆ. ನೀರಿನ ಪೈಪೂ ಸೀಸದ್ದಾ ಅಂತ ಕೇಳಿ. ಚಿಕ್ಕ ಮಕ್ಕಳಿದ್ದರಂತೂ ಇದನ್ನು ಬಿಡಲೇಬೇಡಿ. ಚಳಿಗಾಲದ ಗ್ಯಾಸ್ ಬಿಲ್ ಎಷ್ಟು ಬಂತು ಅಂತ ಹಿಂದಿನ ಬಾಡಿಗೆದಾರರನ್ನು ಕೇಳಿ. ಹಳೇ ಕಿಟಕಿಯ ಮನೆಯಲ್ಲಿ ಬಾಡಿಗೆ ಕಡಿಮೆ, ಬಿಲ್ಲು ಜಾಸ್ತಿ.

ಗಾಳಿಯ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತೇನೆ. ಈಗ ಹೊಗೆ ಕಣ್ಣಿಗೆ ಕಾಣುವುದಿಲ್ಲ. ಆದರೆ ನದಿಯ ಮೇಲ್ಗಡೆ ಕ್ಲೇರ್ಟನ್‌ನಲ್ಲಿ ಕಲ್ಲಿದ್ದಲು ಸುಟ್ಟು ಉಕ್ಕಿನ ಕುಲುಮೆಗೆ ಕೋಕ್ ಎಂಬ ಇಂಧನ ಮಾಡುವ ಕಾರ್ಖಾನೆ ಇನ್ನೂ ನಡೆಯುತ್ತಿದೆ. ಗಾಳಿ ಆಡದ ಬೆಳಗಿನ ಜಾವ ಕಣಿವೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ನಿಲ್ಲುತ್ತದೆ. ಅಸ್ತಮಾ ಇದ್ದವರು ಆ ಹೊತ್ತು ಕಿಟಕಿ ಮುಚ್ಚಿಡಿ, ಓಡುವುದನ್ನು ಸಂಜೆಗೆ ಇಟ್ಟುಕೊಳ್ಳಿ. ಸ್ಮೆಲ್ ಪಿಜಿಎಚ್ ಎಂಬ ಆಪ್ ಇದೆ, ಅದರಲ್ಲಿ ವಾಸನೆಯ ದೂರು ಹಾಕಬಹುದು. ಹಾಕಿ. ಹೊಸಬರು ನಾವ್ಯಾಕೆ ಅಂತ ಸುಮ್ಮನಿರಬೇಡಿ, ಆ ಗಾಳಿಯನ್ನೇ ನೀವೂ ಉಸಿರಾಡುತ್ತೀರಿ.

ಕೆಲಸಕ್ಕೆ ಸೇರಿದ ಮೇಲೆ ಮನೆ ಆರಿಸುವಾಗ ತೆರಿಗೆ ನೋಡಿ. ಪಿಟ್ಸ್‌ಬರ್ಗ್ ಊರೊಳಗೆ ವಾಸವಿದ್ದರೆ ಸಂಬಳದ ಮೇಲೆ ನೂರಕ್ಕೆ 3 ಸ್ಥಳೀಯ ತೆರಿಗೆ: ಊರಿಗೆ 1, ಶಾಲೆಗಳಿಗೆ 2. ಉಪನಗರದಲ್ಲಿ ಹೆಚ್ಚಿನ ಕಡೆ ಇದಕ್ಕಿಂತ ಕಡಿಮೆ. ಯಾಕೆ ಅಂತ ಕೇಳಿದರೆ ಅದಕ್ಕೂ ಹಳೇ ಕಥೆಯೇ ಕಾರಣ. ಕಾರ್ಖಾನೆ ಆಸ್ತಿ ತೆರಿಗೆ ಕಟ್ಟುತ್ತಿತ್ತು. ಯೂನಿವರ್ಸಿಟಿ, ಆಸ್ಪತ್ರೆಗಳಿಗೆ ಬಹುಪಾಲು ಮಾಫಿ ಇದೆ. ಊರಿನ ಕೈ ಖಾಲಿಯಾಗಿ 2003ರಿಂದ 2018ರವರೆಗೆ ರಾಜ್ಯದ ಹಣಕಾಸು ನಿಗಾದಲ್ಲಿತ್ತು. ಸೇತುವೆಗಳಿಗೆ ದುಡ್ಡು ಸಾಲಲಿಲ್ಲ. 2022ರ ಜನವರಿ 28ರಂದು ಫರ್ನ್ ಹಾಲೋ ಸೇತುವೆ ಕುಸಿದು ಬಸ್ಸೊಂದು ಅದರ ಜೊತೆಗೇ ಕೆಳಗೆ ಹೋಯಿತು. ದೇವರ ದಯೆ, ಯಾರೂ ಸಾಯಲಿಲ್ಲ. ಅದೇ ವರ್ಷ ಹೊಸದನ್ನು ಕಟ್ಟಿದರು.

"ರೋಬೋಟ್ ಊರು" ಅಂತ ನಂಬಿ ಕುಣಿಯಬೇಡಿ. ಚಾಲಕನಿಲ್ಲದ ಕಾರು ಮಾಡಲು 2016ರಲ್ಲಿ ಶುರುವಾದ ಆರ್ಗೋ ಎಐ ದೊಡ್ಡ ದೊಡ್ಡ ಕಂಪನಿಗಳ ಹಣವಿದ್ದೂ 2022ರಲ್ಲಿ ಮುಚ್ಚಿತು. ನಮ್ಮ ಕಡೆಯ ಹುಡುಗರೂ ಅದರಲ್ಲಿ ಸಿಕ್ಕಿಕೊಂಡರು. ಓದು ಮುಗಿದ ಮೇಲೆ ಸಿಗುವ ತಾತ್ಕಾಲಿಕ ಕೆಲಸದ ಅನುಮತಿ ಒಪಿಟಿಯಲ್ಲಿ ಕೆಲಸವಿಲ್ಲದೆ ಒಟ್ಟು 90 ದಿನ ಮಾತ್ರ ಇರಬಹುದು. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದು ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಹೊಸ ಕಂಪನಿಗೆ ಸೇರಬೇಡಿ ಅನ್ನುತ್ತಿಲ್ಲ. ಸೇರುವಾಗ ಇನ್ನೊಂದು ಬಾಗಿಲು ತೆರೆದಿಟ್ಟುಕೊಳ್ಳಿ. ಯೂನಿವರ್ಸಿಟಿ ಕೆಲಸಗಳಿಗೆ ಎಚ್-1ಬಿ ಲಾಟರಿ ಇಲ್ಲ, ಯೂನಿವರ್ಸಿಟಿಗೆ ಸೇರಿದ ಆಸ್ಪತ್ರೆಗಳಲ್ಲೂ ಹಲವಕ್ಕೆ ಇಲ್ಲ. ಈ ಊರಲ್ಲಿ ಅಂಥ ಕೆಲಸಗಳೇ ಜಾಸ್ತಿ. ಸಂಬಳ ಸ್ವಲ್ಪ ಕಡಿಮೆ, ನಿದ್ದೆ ಚೆನ್ನಾಗಿ ಬರುತ್ತದೆ. ನಿಯಮ ಬದಲಾಗುತ್ತಾ ಇರುತ್ತದೆ, ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಆಫೀಸಿನಲ್ಲೇ ಕೇಳಿ, ವಾಟ್ಸಾಪ್ ನಂಬಬೇಡಿ.

ಬಸ್ಸಿಗೆ ಕಾರ್ನೆಗಿ ಮೆಲನ್, ಪಿಟ್ಸ್‌ಬರ್ಗ್ ಎರಡೂ ಯೂನಿವರ್ಸಿಟಿಯ ವಿದ್ಯಾರ್ಥಿಗಳು ಕಾರ್ಡ್ ತೋರಿಸಿದರೆ ಸಾಕು, ಕಾರು ಬೇಗ ಕೊಳ್ಳಬೇಡಿ. ವಿಮಾನ ನಿಲ್ದಾಣದಿಂದ 28ಎಕ್ಸ್ ಬಸ್ ಓಕ್‌ಲ್ಯಾಂಡ್‌ವರೆಗೆ ಬರುತ್ತದೆ. ಕಾರ್ನೆಗಿ ಲೈಬ್ರರಿ ಕಾರ್ಡ್ ಮೊದಲ ವಾರವೇ ಮಾಡಿಸಿ, ದುಡ್ಡಿಲ್ಲ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ 1970ರ ದಶಕದ್ದು, ಅಮೆರಿಕದ ಹಳೇ ದೇವಸ್ಥಾನಗಳಲ್ಲಿ ಒಂದು. ಅಲ್ಲಿ ಪ್ರಸಾದದ ಸಾಲಿನಲ್ಲಿ ನಿಂತರೆ ಕನ್ನಡ ಕಿವಿಗೆ ಬಿದ್ದೇ ಬೀಳುತ್ತದೆ.

ಸೂಟ್‌ಕೇಸಿನಲ್ಲಿ ಅಕ್ಕಿ, ಬೇಳೆ ತುಂಬಬೇಡಿ, ಮನ್ರೋವಿಲ್ ಎಂಬ ಉಪನಗರದ ಕಡೆ ಎಲ್ಲ ಸಿಗುತ್ತದೆ. ಮಂಡಕ್ಕಿಯೂ ಸಿಗುತ್ತದೆ, ಆದರೆ ನಮ್ಮ ಭಟ್ಟಿಯ ಮಂಡಕ್ಕಿಯ ರುಚಿ ಅದಕ್ಕಿಲ್ಲ. ಹಗುರ ಇರುತ್ತದೆ, ಒಂದು ಚೀಲ ಇಟ್ಟುಕೊಳ್ಳಿ. ಆಗಸ್ಟ್ ಎರಡನೇ ವಾರ ನಾನು ವಾಪಸ್ ಇರುತ್ತೇನೆ. ಅಷ್ಟರೊಳಗೆ ಬಂದವರು ಮನೆ ಕರಾರಿಗೆ ಸಹಿ ಹಾಕುವ ಮುಂಚೆ ಒಂದು ಸಲ ಫೋನ್ ಮಾಡಿ. ನಾನೇ ಬಂದು ನೆಲಮಾಳಿಗೆ ನೋಡುತ್ತೇನೆ.